ಬರೆ ಕಡಿದು ಶಾಲೆಗೆ ಹೊಸ ಕೊಠಡಿ ಕಟ್ಟಬಹುದಾ?

ಓದುಗರ ಪ್ರಶ್ನೆ: ನಾವು ಮಡಿಕೇರಿ ಕಡೆಯವರು, ಈಗ ಬೆಂಗಳೂರಲ್ಲಿದ್ದೇವೆ. ಓದಿದ ಸರ್ಕಾರಿ ಶಾಲೆಗೆ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಎರಡು ಕೊಠಡಿ ಕಟ್ಟಿಸಬೇಕು ಅಂತಿದ್ದೇವೆ. ಶಾಲೆ ಹಿಂದಿನ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಸ್ವಲ್ಪ ಕಡಿದರೆ ಜಾಗ ಸಿಗುತ್ತೆ, ಆರ್‌ಸಿಸಿ ಹಾಕಿದರೆ ಭಯ ಇಲ್ಲ ಅಂತಾರೆ ಮೇಸ್ತ್ರಿ. ಹೌದಾ?

ಬರೆ ಕಡಿಯಬೇಡಿ. ಉಳಿದದ್ದೆಲ್ಲ ಆಮೇಲೆ.

ಮೇಸ್ತ್ರಿ ಹೇಳಿದ್ದು ಅರ್ಧ ಸರಿ. ಒಳ್ಳೆ ಆರ್‌ಸಿಸಿ ಕಟ್ಟಡ ಗಾಳಿ, ಮಳೆ, ಸಣ್ಣಪುಟ್ಟ ಕಂಪನ ತಡೆಯುತ್ತದೆ. ಆದರೆ ಅದು ನಿಂತ ನೆಲವೇ ಜಾರಿದರೆ? ಗುಡ್ಡದ ಮೇಲಿನ ಮಣ್ಣಿಗೆ ಬುಡವೇ ಆಸರೆ. ಬುಡ ಕಡಿದ ಮೇಲೆ ವಾರಗಟ್ಟಲೆ ಮಳೆ ಹಿಡಿದರೆ ನೀರು ಒಳಗಿಳಿದು ಮಣ್ಣಿನ ತೂಕ ಜಾಸ್ತಿಯಾಗುತ್ತದೆ, ಹಿಡಿತ ಸಡಿಲವಾಗುತ್ತದೆ, ಒಂದು ದಿನ ಇಡೀ ಬರೆ ಕೆಳಗೆ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಅಷ್ಟೊಂದು ಕಡೆ ಗುಡ್ಡ ಜಾರಿದಾಗ ಭೂವಿಜ್ಞಾನಿಗಳು ಮಳೆಯ ಜೊತೆಗೆ ರಸ್ತೆಗೆ, ಮನೆಗೆ ಅಂತ ಇಳಿಜಾರು ಕಡಿದದ್ದನ್ನೂ ಬೆಟ್ಟು ಮಾಡಿ ತೋರಿಸಿದ್ದರು.

ಹಿಂದಿನ ಬರೆಯೊಂದನ್ನೇ ನೋಡಿದರೂ ಸಾಲದು. 2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಾದ ಭೂಕುಸಿತ ನೆನಪಿದೆ ಅಲ್ವಾ? ಚೂರಲ್‌ಮಲದ ಹೊಳೆ ದಂಡೆಯಲ್ಲಿದ್ದ ವೆಳ್ಳಾರ್‌ಮಲ ಶಾಲೆಗೆ ಹೊಡೆದದ್ದು ಕಿಲೋಮೀಟರ್‌ಗಟ್ಟಲೆ ಮೇಲೆ ಕುಸಿದ ಗುಡ್ಡದ ಮಣ್ಣು, ಬಂಡೆ, ಮರ. ಅದು ರಾತ್ರಿ ಹೊತ್ತು, ತರಗತಿಯಲ್ಲಿ ಮಕ್ಕಳಿರಲಿಲ್ಲ. ಹಗಲಾಗಿದ್ದರೆ ಅಂತ ಯೋಚಿಸಲೂ ಆಗುವುದಿಲ್ಲ. ಅದಕ್ಕೇ ನಿಮ್ಮ ಶಾಲೆ ಪಕ್ಕದ ತೋಡು, ಅಂದರೆ ಸಣ್ಣ ಹಳ್ಳ, ಎಲ್ಲಿಂದ ಇಳಿದು ಬರುತ್ತದೆ ಅಂತ ಮೇಲಿನವರೆಗೆ ನೋಡಿಕೊಂಡು ಬರಬೇಕು. ಊರಿನ ಹಿರಿಯರನ್ನು ಕೇಳಿ. ಹಿಂದೆ ಎಲ್ಲಿ ಜಾರಿತ್ತು, ಯಾವ ತೋಡಿನ ದಾರಿ ಬದಲಾಗಿದೆ ಅಂತ ಅವರಿಗೆ ಗೊತ್ತಿರುತ್ತದೆ.

ನಾವು ಬೆಂಗಳೂರಿಂದ ಊರಿಗೆ ಹೋಗುವುದು ಏಪ್ರಿಲ್, ಮೇ ರಜೆಯಲ್ಲಿ. ಆಗ ಎಲ್ಲ ಒಣಗಿರುತ್ತದೆ, ಬರೆ ಕಲ್ಲಿನಂತೆ ಕಾಣುತ್ತದೆ. ಜುಲೈನಲ್ಲಿ, ಮಳೆ ಸ್ವಲ್ಪ ಬಿಟ್ಟ ದಿನ ಹೋಗಿ. ಬರೆಯ ನೆತ್ತಿಯಲ್ಲಿ ಅರ್ಧಚಂದ್ರದ ಹಾಗೆ ಬಿರುಕು ಬಿಟ್ಟಿದೆಯಾ? ಮರ, ಕರೆಂಟ್ ಕಂಬ ವಾಲಿವೆಯಾ? ಹೊಸದಾಗಿ ಒರತೆ ಎದ್ದಿದೆಯಾ, ಇದ್ದ ಒರತೆಯ ನೀರು ಕೆಸರಾಗಿದೆಯಾ? ತಡೆಗೋಡೆ ಹೊಟ್ಟೆ ಉಬ್ಬಿಸಿದೆಯಾ, ಅದರಲ್ಲಿ ನೀರು ಬಸಿಯಲು ಬಿಟ್ಟ ತೂತುಗಳು ಮಣ್ಣು ಕಟ್ಟಿ ಮುಚ್ಚಿವೆಯಾ? ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಕೂರದೇ ಇರುವುದೂ ಒಂದು ಸೂಚನೆ. ಆಟದ ಮೈದಾನ ಮಣ್ಣು ತುಂಬಿ ಮಟ್ಟ ಮಾಡಿದ್ದಾ ಅಂತಲೂ ಕೇಳಿ. ಕಟ್ಟಡದ ಅರ್ಧ ಕಡಿದ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ ಇದ್ದರೆ ತುಂಬಿದ ಕಡೆ ಕುಸಿದು ಗೋಡೆ ನಡುವೆ ಸೀಳುತ್ತದೆ.

ಭೂಕಂಪದ ಬಗ್ಗೆಯೂ ಕೆಲವರು ಕೇಳುತ್ತಾರೆ. ಹಿಮಾಲಯದ ಶಾಲೆಗಳಿಗೆ ಅದೇ ದೊಡ್ಡ ಭಯ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಸಾವಿರಾರು ತರಗತಿ ಕೋಣೆಗಳು ಬಿದ್ದವು, ಶನಿವಾರದ ರಜೆ ಆಗಿದ್ದರಿಂದ ಅವುಗಳೊಳಗೆ ಮಕ್ಕಳಿರಲಿಲ್ಲ. ಕೊಡಗಿನಲ್ಲಿ 2022ರ ಜೂನ್‌ನಲ್ಲಿ ಸಣ್ಣಗೆ ನಡುಗಿತ್ತು. ಆದರೂ ನಮ್ಮಲ್ಲಿ ಮೊದಲ ಚಿಂತೆ ಮಳೆ ಮತ್ತು ಮಣ್ಣಿನದ್ದೇ.

ಇಷ್ಟು ನೋಡಿದ ಮೇಲೆ ತಜ್ಞರು ಬರಲೇಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, ಭೂಕುಸಿತದ ನಕ್ಷೆ ಮಾಡಿದೆ. ಅದರ ಕಚೇರಿ ನಿಮ್ಮ ಹತ್ತಿರವೇ, ಕುಮಾರಸ್ವಾಮಿ ಲೇಔಟ್‌ನಲ್ಲಿದೆ. ಆದರೆ ಆ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್, ಇಡೀ ಶಾಲೆ ಒಂದು ಚುಕ್ಕಿಯೊಳಗೆ ಮುಗಿದುಹೋಗುತ್ತದೆ. ನಕ್ಷೆಯಲ್ಲಿ ಬಣ್ಣ ಹಸಿರಿದೆ ಅಂತ ಸುಮ್ನೆ ಕೂರಬೇಡಿ. ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಕಡೆಯಿಂದ ಡಿಸಿಗೆ ಅರ್ಜಿ ಕೊಡಿಸಿ, ಜಾಗಕ್ಕೇ ಬಂದು ನೋಡಿ ಅಂತ ಕೇಳಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅಧ್ಯಕ್ಷರು ಅವರೇ.

ಕೊಠಡಿಗೆ ಅಂತ ಕೂಡಿಸಿದ ದುಡ್ಡಲ್ಲಿ ಮೊದಲು ಬರೆಯ ಮೇಲೆ ನೀರು ಪಕ್ಕಕ್ಕೆ ಹರಿಯುವ ಪಕ್ಕಾ ಚರಂಡಿ ಮಾಡಿಸಿ. ಎಲ್ಲಿ, ಹೇಗೆ ಅಂತ ಬಂದ ತಜ್ಞರನ್ನೇ ಕೇಳಿ. ಬಿರುಕು ಕಂಡರೆ ಅದರ ಎರಡೂ ಕಡೆ ಒಂದೊಂದು ಗೂಟ ಹೊಡೆದು ನಡುವಿನ ಅಳತೆ ಬರೆದಿಡಿ. ಮಳೆಗಾಲ ಮುಗಿಯುವವರೆಗೆ ಆ ಬದಿಯ ಕೋಣೆಗಳಲ್ಲಿ ಮಕ್ಕಳನ್ನು ಕೂರಿಸುವುದು ಬೇಡ. ವಾರಕ್ಕೊಮ್ಮೆ ದೂರದಿಂದ ಗೂಟಗಳ ಫೋಟೊ ತೆಗೆದು ನಿಮ್ಮ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿ ಅಂತ ಮೇಷ್ಟ್ರಿಗೆ ಹೇಳಿ. ಗೂಟಗಳ ನಡುವೆ ಒಂದು ಬೆರಳಗಲ ಜಾಸ್ತಿ ಆದರೂ ಸರಿ, ಅವತ್ತೇ ತಹಶೀಲ್ದಾರರಿಗೆ ಫೋನ್ ಹೋಗಬೇಕು.