ಒಣಮೀನಿನ ಡಬ್ಬದಲ್ಲಿ ಕೂದಲಿನ ಹುಳ: ಇದು ಯಾವುದು, ಎಲ್ಲಿಂದ ಬಂತು?

ಪ್ರಶ್ನೆ: ಮಲ್ಪೆಯಿಂದ ತಂದ ಒಣಮೀನನ್ನು ಡಬ್ಬದಲ್ಲಿ ಹಾಕಿಟ್ಟಿದ್ದೆವು. ಈಗ ತೆಗೆದು ನೋಡಿದರೆ ಮೈತುಂಬ ಕೂದಲಿರುವ ಕಂದು ಹುಳ. ಕಂಬಳಿಹುಳವಾ? ಮೀನಿನೊಳಗೇ ಹುಟ್ಟಿದ್ದಾ? ತೊಳೆದು ತಿನ್ನಬಹುದಾ?

ಮಳೆಗಾಲ ಬಂತೆಂದರೆ ಈ ಪ್ರಶ್ನೆಯೂ ಬಂತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಹಸಿಮೀನಿನ ರೇಟು ಕೇಳಿದರೆ ತಲೆ ತಿರುಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ತಂದಿಟ್ಟ ನುಂಗೆಲ್ ಮೀನಿನ, ಅಂದರೆ ಒಣಮೀನಿನ, ಡಬ್ಬದ ಮುಚ್ಚಳ ತೆಗೆಯುವುದು ಆಗಲೇ ಅಲ್ವಾ.

ಇದು ಕಂಬಳಿಹುಳ ಅಲ್ಲ. ಅದು ಚಿಟ್ಟೆ, ಪತಂಗಗಳ ಮರಿ. ಇದು ಜೀರುಂಡೆಯ ಮರಿ. ಒಂದನ್ನು ಬಿಳಿ ಕಾಗದದ ಮೇಲೆ ಹಾಕಿ ನೋಡಿ. ಎದೆಯ ಹತ್ತಿರ ಮೂರು ಜೊತೆ ಕಾಲು, ಅಷ್ಟೇ. ಕಂಬಳಿಹುಳಕ್ಕೆ ಹೊಟ್ಟೆಯ ಕೆಳಗೂ ಮೊಂಡು ಕಾಲುಗಳಿರುತ್ತವೆ, ಇದಕ್ಕೆ ಇಲ್ಲ. ಬೆನ್ನ ಮೇಲೆ ಉದ್ದಕ್ಕೆ ಒಂದು ತಿಳಿ ಪಟ್ಟೆ, ಬಾಲದ ತುದಿಯಲ್ಲಿ ಎರಡು ಪುಟ್ಟ ಕೊಕ್ಕೆ ಕಂಡರೆ ಹೆಚ್ಚುಕಡಿಮೆ ಖಾತ್ರಿ, ಇದು ಡರ್ಮೆಸ್ಟಿಸ್ ಜಾತಿಯದ್ದು. ದೊಡ್ಡದಾದ ಜೀರುಂಡೆಯೂ ಅದೇ ಡಬ್ಬದಲ್ಲಿ ಇರುತ್ತದೆ. ಸೆಂಟಿಮೀಟರಿಗಿಂತ ಚಿಕ್ಕದು, ಮೇಲೆ ಕಪ್ಪು, ಮಗುಚಿದರೆ ಹೊಟ್ಟೆ ಬೆಳ್ಳಗೆ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬಿದ್ದುಕೊಳ್ಳುತ್ತದೆ. ನಂಬಬೇಡಿ, ಸ್ವಲ್ಪ ಹೊತ್ತಿಗೆ ಎದ್ದು ಓಡುತ್ತದೆ.

ಮೀನಿನೊಳಗೆ ತಾನಾಗಿ ಹುಟ್ಟಿದ್ದೂ ಅಲ್ಲ. ಈ ಜೀರುಂಡೆಗೆ ಹಾರಲು ಬರುತ್ತದೆ. ಮೀನು ಹರವಿದಲ್ಲಿ, ಗೋದಾಮಿನಲ್ಲಿ, ಅಂಗಡಿಯ ಚೀಲದಲ್ಲಿ, ಎಲ್ಲಿ ಬೇಕಾದರೂ ಬಂದು ಮೊಟ್ಟೆ ಇಟ್ಟಿರಬಹುದು. ನಮ್ಮೂರಿನ ಸೆಕೆಗೆ ಮೊಟ್ಟೆ ಜೀರುಂಡೆಯಾಗಲು ಒಂದೂವರೆ ತಿಂಗಳು ಧಾರಾಳ ಸಾಕು. ಉಪ್ಪು ಜಾಸ್ತಿ ಇರುವ ಮೀನಿನಲ್ಲಿ ಇದರ ಆಟ ನಡೆಯುವುದು ಕಷ್ಟ. ಉಪ್ಪು ಹಾಕದೆ ಸುಮ್ನೆ ಬಿಸಿಲಿಗೆ ಒಣಗಿಸಿದ ಎಟ್ಟಿ (ಸೀಗಡಿ), ಸಣ್ಣ ಮೀನುಗಳಿಗೇ ಹೆಚ್ಚು ಕಾಟ.

ಜೀರುಂಡೆಗಳ ಬಳಗ ಸಣ್ಣದಲ್ಲ, ಹೆಸರಿಟ್ಟಿರುವುದೇ ಸುಮಾರು 4 ಲಕ್ಷ ಬಗೆ. ಅದರಲ್ಲಿ ಡರ್ಮೆಸ್ಟಿಡ್ ಎನ್ನುವ ಈ ಮನೆತನದ ಪಾಲು ಸಾವಿರದ ಐನೂರಕ್ಕೂ ಜಾಸ್ತಿ. ಹೆಚ್ಚಿನವಕ್ಕೆ ಒಂದೇ ಚಪಲ: ಒಣಗಿದ ಪ್ರಾಣಿ ಪದಾರ್ಥ. ಚರ್ಮ, ಗರಿ, ಉಣ್ಣೆ, ಸತ್ತ ಕೀಟ. ಕೂದಲು, ಗರಿಗಳಲ್ಲಿರುವ ಕೆರಾಟಿನ್ ಜೀರ್ಣಿಸಿಕೊಳ್ಳುವ ಪ್ರಾಣಿಗಳೇ ಅಪರೂಪ, ಇವುಗಳಲ್ಲಿ ಕೆಲವಕ್ಕೆ ಆ ವಿದ್ಯೆ ಗೊತ್ತು. ಕಡಲ ದಂಡೆಯಲ್ಲಿ ಒಂದು ಹಕ್ಕಿ ಸತ್ತಿತು ಅಂತಿಟ್ಟುಕೊಳ್ಳಿ. ಮೊದಲ ಪಂಕ್ತಿ ನೊಣಗಳದ್ದು, ಹಸಿ ಮಾಂಸ ಇರುವವರೆಗೆ ಅವುಗಳ ಮರಿಗಳದ್ದೇ ರಾಜ್ಯ. ಎಲ್ಲ ಒಣಗಿ ಚರ್ಮ, ನರ ಮಾತ್ರ ಉಳಿದ ಮೇಲೆ ಕೊನೆಯ ಪಂಕ್ತಿಗೆ ಇವು ಬರುತ್ತವೆ. ಮೂಳೆ ಬಿಟ್ಟು ಉಳಿದದ್ದನ್ನೆಲ್ಲ ಇಷ್ಟು ಚೊಕ್ಕವಾಗಿ ತೆಗೆಯುತ್ತವೆಂದೇ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಂಥ ಕಡೆ ಇವನ್ನು ಸಾಕಿ ಅಸ್ಥಿಪಂಜರ ಸ್ವಚ್ಛ ಮಾಡಿಸುತ್ತಾರೆ. ತಮಾಷೆ ಏನೆಂದರೆ ಅದೇ ಮನೆತನದ ಆಂಥ್ರೀನಸ್ ಮ್ಯೂಸಿಯಂನವರ ದೊಡ್ಡ ಶತ್ರು. ಪಿನ್ನು ಚುಚ್ಚಿಟ್ಟ ಕೀಟಗಳನ್ನು ಅದರ ಮರಿ ಪುಡಿ ಮಾಡಿಬಿಡುತ್ತದೆ, ದೊಡ್ಡದು ಮಾತ್ರ ಹೂವಿನ ಪರಾಗ ತಿಂದುಕೊಂಡು ಸಂಭಾವಿತನ ಹಾಗೆ ಇರುತ್ತದೆ! ಗೋದಾಮಿನ ಗೋಧಿ ಹಾಳು ಮಾಡುವ ಖಪ್ರಾ ಕೂಡ ಇದೇ ಮನೆತನ, ಅದರ ಮರಿ ಊಟವಿಲ್ಲದೆ ವರ್ಷಗಟ್ಟಲೆ ಬಿರುಕಿನಲ್ಲಿ ಕೂತಿರಬಲ್ಲದು.

ಪತ್ತನಾಜೆಗೆ ಯಕ್ಷಗಾನದ ತಿರುಗಾಟ ಮುಗಿಸಿ ಮೇಳದ ಪೆಟ್ಟಿಗೆ ಒಳಗಿಟ್ಟವರೂ ಚೆಂಡೆ, ಮದ್ದಳೆಯ ಚರ್ಮದ ಮೇಲೆ ಒಂದು ಕಣ್ಣಿಡುವುದು ಒಳ್ಳೆಯದು.

ಇನ್ನು, ಮಿರಮಿರ ಹೊಳೆಯುವ ನೀಲಿ ಮೈ, ಕೆಂಪು ಕಾಲಿನ ಪುಟ್ಟ ಜೀರುಂಡೆ ಕಂಡರೆ ಅದು ಬೇರೆ ಮನೆತನದ್ದು, ನೆಕ್ರೋಬಿಯಾ. ಕೊಬ್ಬರಿಯಲ್ಲೂ ಸಿಗುವುದು ಇದೇ. ಮೀನನ್ನೂ ತಿನ್ನುತ್ತದೆ, ಅಲ್ಲಿರುವ ಬೇರೆ ಹುಳಗಳ ಮರಿಗಳನ್ನೂ ತಿನ್ನುತ್ತದೆ.

ತಿನ್ನಬಹುದಾ ಅಂದರೆ, ನಾನಾದರೆ ಎಸೆಯುತ್ತೇನೆ. ಈ ಹುಳ ವಿಷವಲ್ಲ, ಕಚ್ಚುವುದೂ ಇಲ್ಲ. ಆದರೆ ಕಳಚಿದ ಪೊರೆ, ಕೂದಲು, ಹಿಕ್ಕೆ ಎಲ್ಲ ಮೀನಿನ ಸಂದಿಯಲ್ಲಿ ಸೇರಿರುತ್ತದೆ, ತೊಳೆದರೆ ಪೂರ್ತಿ ಹೋಗುವುದಿಲ್ಲ, ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಮುಂದಿನ ಸಲ ತಂದ ಕೂಡಲೇ ಇನ್ನೊಮ್ಮೆ ಚುರುಕು ಬಿಸಿಲಿಗೆ ಹಾಕಿ, ಗಾಳಿಯಾಡದ ಡಬ್ಬಕ್ಕೆ ತುಂಬಿ, ಜಾಗ ಇದ್ದರೆ ಒಂದು ವಾರ ಫ್ರೀಜರಿನಲ್ಲಿಡಿ. ಹಳೆಯದರ ಜೊತೆ ಹೊಸದನ್ನು ಬೆರೆಸಬೇಡಿ. ಹುಳದ ಸ್ಪ್ರೇಯನ್ನಂತೂ ಮೀನಿನ ಹತ್ತಿರ ತರಲೇಬೇಡಿ. ಮತ್ತೆ, ಡಬ್ಬ ತೊಳೆದರೆ ಕೆಲಸ ಮುಗಿಯಲಿಲ್ಲ: ಬೆಳೆದ ಮರಿ ಕೋಶವಾಗುವ ಮುಂಚೆ ತಿಂಡಿ ಬಿಟ್ಟು ಹೊರಟು ಮರ, ರಟ್ಟು ಏನು ಸಿಕ್ಕಿದರೂ ಕೊರೆದು ಒಳಗೆ ಸೇರುತ್ತದೆ, ಹಾಗಾಗಿ ಡಬ್ಬ ಇಟ್ಟಿದ್ದ ಮರದ ಹಲಗೆಯಲ್ಲಿ ಸಣ್ಣ ತೂತುಗಳಿವೆಯಾ ನೋಡಿ.