ನಾಯಿ ಜೊತೆ ಎರಡು ದಿನದ ಪ್ರವಾಸ: ಮೊದಲು ಹೊತ್ತು ನೋಡಿ, ಆಮೇಲೆ ಜಾಗ

ಚಿತ್ರದುರ್ಗದ ಕೋಟೆ ನಾಯಿಗೆ ಅಲ್ಲ. 1959ರ ಸ್ಮಾರಕ ನಿಯಮಗಳ ಪ್ರಕಾರ ಸಂರಕ್ಷಿತ ಸ್ಮಾರಕದೊಳಗೆ ಪ್ರಾಣಿ ತರುವಂತಿಲ್ಲ. ಜೋಗಿಮಟ್ಟಿ ಮತ್ತು ಜಗಳೂರಿನ ರಂಗಯ್ಯನದುರ್ಗ ವನ್ಯಜೀವಿಧಾಮಗಳು. ಅಲ್ಲಿಗೂ ಬೇಡ. ಚಿರತೆಗೆ ನಾಯಿ ಸುಲಭದ ಬೇಟೆ. ನಮ್ಮ ನಾಯಿಯಿಂದ ಡಿಸ್ಟೆಂಪರ್‌ನಂಥ ರೋಗ ನರಿ, ತೋಳಗಳಿಗೂ ಹರಡಬಲ್ಲದು. ಉಳಿಯುವುದು ಸೂಳೆಕೆರೆಯ ಸುತ್ತಮುತ್ತ, ಕೊಂಡಜ್ಜಿ ಕೆರೆಯ ಕಡೆ, ಹಿರಿಯೂರಿನ ಮಾರಿಕಣಿವೆ ಹಿನ್ನೀರಿನ ಬಯಲು, ಇಲ್ಲವೇ ಪರಿಚಯದವರ ತೋಟದ ಮನೆ. ಮೊದಲ ಸಲ ಹೊರಡುವವರಿಗೆ ತೋಟದ ಮನೆಯೇ ಒಳ್ಳೆಯದು. ಹೋಗುವ ಮುಂಚೆ ಫೋನಿನಲ್ಲಿ ನಾಲ್ಕು ವಿಷಯ ಕೇಳಿಕೊಳ್ಳಿ: ಅಲ್ಲಿನ ನಾಯಿಗಳನ್ನು ಕಟ್ಟುತ್ತಾರಾ, ಬೇಲಿ ಪೂರ್ತಿ ಇದೆಯಾ, ಆ ವಾರ ಬೆಳೆಗೆ ಔಷಧಿ ಹೊಡೆದಿದ್ದಾರಾ, ಇಲಿ ಪಾಷಾಣ ಇಟ್ಟಿದ್ದಾರಾ.

ಜಾಗಕ್ಕಿಂತ ಮುಖ್ಯ ಹೊತ್ತು. ನಾಯಿಗೆ ಮೈಯೆಲ್ಲ ಬೆವರುವುದಿಲ್ಲ, ತೇಕುವುದೊಂದೇ ಅದರ ದೊಡ್ಡ ದಾರಿ. ನಮ್ಮ ಕಡೆಯ ಬಂಡೆ ನೆಲ ಹಗಲಿಡೀ ಕುಡಿದ ಬಿಸಿಲನ್ನು ಸಂಜೆ ಏಳಾದರೂ ಬಿಡುತ್ತಲೇ ಇರುತ್ತದೆ. ಮಾರ್ಚ್‌ನಿಂದ ಮೇವರೆಗೆ ಇಂಥ ಪ್ರವಾಸದ ಯೋಚನೆಯನ್ನೇ ಕೈಬಿಡಿ. ನವೆಂಬರ್‌ನಿಂದ ಜನವರಿ ಹದವಾದ ಕಾಲ. ಆಗಲೂ ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಐದರ ಮೇಲೆ ಮಾತ್ರ ನಡಿಗೆ. ಮಧ್ಯಾಹ್ನ ನೆರಳಿನಲ್ಲಿ ನಿದ್ದೆ. ಅಂಗೈ ಹಿಂಭಾಗವನ್ನು ನೆಲಕ್ಕೆ ಏಳು ಸೆಕೆಂಡ್ ಒತ್ತಿ ಹಿಡಿಯಲಾಗದಿದ್ದರೆ ಆ ನೆಲದ ಮೇಲೆ ನಾಯಿ ಕಾಲಿಡುವುದು ಬೇಡ. ಪಗ್, ಶಿಟ್ಸುಗಳಂಥ ಚಪ್ಪಟೆ ಮೂಗಿನವಕ್ಕೆ ನಡಿಗೆಯ ಅವಧಿ ಅರ್ಧ ಸಾಕು.

ನಾಯಿಯ ಸಹಜ ತಾಪಮಾನ ಸುಮಾರು 101ರಿಂದ 102.5 ಫ್ಯಾರನ್‌ಹೀಟ್. 104 ದಾಟಿತು, ತೇಕು ನಿಲ್ಲುತ್ತಿಲ್ಲ, ವಸಡು ಇಟ್ಟಿಗೆಗೆಂಪು, ಕಾಲು ತೂರಾಡುತ್ತಿದೆ ಎಂದರೆ ಅದು ಶಾಖಾಘಾತ. ಕಾರು ಹತ್ತಿಸುವುದಕ್ಕೂ ಮುಂಚೆ ಅಲ್ಲೇ ನೀರು ಸುರಿಯಿರಿ, ಹೊಟ್ಟೆ, ತೊಡೆಸಂದು, ಪಾದ ನೆನೆಯಲಿ, ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸುವವರು ಬಹಳ. ಕೆಲವೇ ನಿಮಿಷದಲ್ಲಿ ಟವೆಲ್ ಬೆಚ್ಚಗಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ, ಅದು ಬೇಡ. ತಾಪಮಾನ 103ಕ್ಕೆ ಇಳಿದೊಡನೆ ನೀರು ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಗೆಲುವಾಗಿ ಕಂಡರೂ ಹೋಗಲೇಬೇಕು, ಕಿಡ್ನಿಗೆ ಆದ ಪೆಟ್ಟು ಮಾರನೇ ದಿನ ಗೊತ್ತಾಗುತ್ತದೆ.

ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಮನೆಯಲ್ಲಿರುವಾಗ ಕಿಲೋ ತೂಕಕ್ಕೆ ದಿನಕ್ಕೆ 50–60 ಮಿಲಿ ಲೆಕ್ಕ, ಓಡಾಟದ ದಿನ ಅದರ ಎರಡು ಪಟ್ಟು. 25 ಕಿಲೋ ಲ್ಯಾಬ್ರಡಾರ್‌ಗೆ ದಿನಕ್ಕೆ ಮೂರು ಲೀಟರ್ ಆಯಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಕೆರೆಯಂಚಿನಲ್ಲಿ ಹಸಿರು ಪೇಂಟ್ ಚೆಲ್ಲಿದಂತೆ ಕೆನೆಗಟ್ಟಿದ್ದರೆ ಒಂದು ಗುಟುಕೂ ಬೇಡ. ಆ ಪಾಚಿಯ ವಿಷ ಗಂಟೆಗಳಲ್ಲೇ ಲಿವರ್ ಕೆಡಿಸಬಲ್ಲದು. ಭದ್ರಾ ನಾಲೆಯ ಪಕ್ಕ ಹಗ್ಗ ಬಿಚ್ಚಲೇಬೇಡಿ. ಎಷ್ಟೇ ಈಜು ಬಂದರೂ ಸಿಮೆಂಟಿನ ಇಳಿಜಾರು ಗೋಡೆಗೆ ಉಗುರು ನಿಲ್ಲುವುದಿಲ್ಲ, ನಾಯಿ ಹತ್ತಲಾಗದೆ ಸುಸ್ತಾಗಿ ಮುಳುಗುತ್ತದೆ.

ಹವೆ ಹಿತವಾಗಿರುವ ಈ ತಿಂಗಳುಗಳಲ್ಲೇ ಊಬಿನ ಹುಲ್ಲೂ ಬಲಿತಿರುತ್ತದೆ. ಅದರ ಮುಳ್ಳಿನಂಥ ತುದಿ ಮುಂದಕ್ಕೆ ಮಾತ್ರ ಸಾಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಬೆರಳ ಸಂದಿನಲ್ಲಿ ಹೊಕ್ಕರೆ ಬಾವು, ಕಿವಿಯಲ್ಲಿ ಹೊಕ್ಕರೆ ತಮಟೆಗೇ ಪೆಟ್ಟು. ಪ್ರತಿ ನಡಿಗೆ ಮುಗಿದ ಮೇಲೆ ಬೆರಳ ಸಂದು, ಕಂಕುಳು, ಕಿವಿ, ಕಣ್ಣಂಚು ಬೆರಳಾಡಿಸಿ ನೋಡಿ; ಉದ್ದ ಕೂದಲಿನ ನಾಯಿಗೆ ಪಾದದ ಕೂದಲನ್ನು ಮೊದಲೇ ಕತ್ತರಿಸಿಡಿ. ನಾಯಿ ತಲೆ ಒಂದೇ ಕಡೆ ವಾಲಿಸಿ ಕೊಡವುತ್ತಿದ್ದರೆ ಕಿವಿಗೆ ಎಣ್ಣೆ ಬಿಡಬೇಡಿ, ವೈದ್ಯರೇ ನೋಡಿ ತೆಗೆಯಲಿ. ನೆಗ್ಗಿಲು, ಜಾಲಿ ಮುಳ್ಳಿಗೆ ಒಂದು ಚಿಮಟ ಸಾಕು.

ಇದೇ ಸಮಯಕ್ಕೆ ಮೆಕ್ಕೆಜೋಳದ ಕೊಯ್ಲು. ಕಾಳು ಬಿಡಿಸಿದ ಬೆಂಡನ್ನು ನಾಯಿ ನುಂಗಿದರೆ ಅದು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ, ಬಹಳ ಸಲ ಆಪರೇಷನ್ನೇ ಗತಿ. ಬೆಣ್ಣೆದೋಸೆ ಪ್ರೀತಿಯಿಂದ ಕೊಟ್ಟರೂ ಅಷ್ಟು ಕೊಬ್ಬು ಮೇದೋಜೀರಕಕ್ಕೆ ಉರಿಯೂತ ತರಬಹುದು. ಮಂಡಕ್ಕಿಯಲ್ಲಿನ ಈರುಳ್ಳಿ ಕೆಂಪು ರಕ್ತಕಣ ಒಡೆಯುತ್ತದೆ. ಮನೆಯಲ್ಲಿ ತಿನ್ನುವುದನ್ನೇ ಅಳತೆ ಮಾಡಿ ಕಟ್ಟಿಕೊಳ್ಳಿ. ಕಾರು ಹತ್ತುವ ನಾಲ್ಕು ಗಂಟೆ ಮುಂಚೆ ಊಟ ಮುಗಿದಿರಲಿ, ಸೀಟ್‌ಬೆಲ್ಟಿಗೆ ಹಾರ್ನೆಸ್ ಸಿಕ್ಕಿಸಿ.

ಹಗ್ಗ ಎರಡು ಬೇಕು: ದಾರಿಗೆ ಒಂದೂವರೆ ಮೀಟರಿನದು, ಬಯಲಿಗೆ ಹತ್ತು ಮೀಟರಿನದು. ಕುರಿ ಮಂದೆ ಕಂಡರೆ ಚಿಕ್ಕದಕ್ಕೆ ಬದಲಿಸಿ ದೂರದಿಂದಲೇ ಸುತ್ತಿ ಹೋಗಿ. ಮಂದೆಯ ನಾಯಿ ತನ್ನ ಕೆಲಸ ಮಾಡುತ್ತದೆ, ತಪ್ಪು ಅದರದ್ದಲ್ಲ. ಊರ ನಾಯಿ ನಮ್ಮ ನಾಯಿಯನ್ನು ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ರೇಬೀಸ್ ಲಸಿಕೆ ಮೊದಲೇ ಆಗಿದ್ದರೂ ವೈದ್ಯರ ಬಳಿ ಮತ್ತೆ ಚುಚ್ಚುಮದ್ದು ಹಾಕಿಸಬೇಕು. ಕೊಳಕುಮಂಡಲ, ನಾಗರ ಎರಡೂ ಈ ನೆಲದಲ್ಲಿವೆ. ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಎತ್ತಿಕೊಂಡೇ ಹೋಗಿ. ಪ್ರತಿವಿಷ ಎಲ್ಲಿ ಸಿಗುತ್ತದೆ ಎಂದು ಹೊರಡುವ ಹಿಂದಿನ ದಿನವೇ ಫೋನ್ ಮಾಡಿ ಕೇಳಿಟ್ಟುಕೊಂಡಿರಬೇಕು. ನಿಮ್ಮ ಪ್ಯಾರಸಿಟಮಾಲ್, ಐಬುಪ್ರೊಫೆನ್ ನಾಯಿಗೆ ಕೊಡಲೇಬಾರದು.

ಲಸಿಕೆ ಬಾಕಿಯಿದ್ದರೆ ಮೂರು ವಾರ ಮುಂಚೆ, ರಕ್ತ ಹೀರುವ ಉಣ್ಣೆಹುಳ ತಡೆಯುವ ಮಾತ್ರೆ ಒಂದು ವಾರ ಮುಂಚೆ. ಬೆನ್ನಿಗೆ ಬಿಡುವ ಹನಿ ಔಷಧವಾದರೆ ಅದರ ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಇಲ್ಲ. ಮನೆಗೆ ಬಂದ ಮೇಲೂ ಮೂರು ವಾರ ಕಣ್ಣಿಡಿ: ಊಟ ಬಿಟ್ಟರೆ, ಜ್ವರ ಬಂದರೆ, ವಸಡು ಬಿಳಿಚಿದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದೇ ದಿನ ಉಣ್ಣೆಜ್ವರಕ್ಕೆ ರಕ್ತಪರೀಕ್ಷೆ ಮಾಡಿಸಿ. ಎಲ್ಲಿಗೆ, ಯಾವತ್ತು ಹೋಗಿದ್ದಿರಿ ಎಂದು ವೈದ್ಯರಿಗೆ ಮೊದಲೇ ಹೇಳಿ.