ಪದ ಪರಿಚಯ: ಲಿಂಕ್ಸ್, ಮತ್ತು ಆ ನೆಲದಲ್ಲಿ ಹಿರಿಯರ ಓಪನ್

ಬೆಂಗಳೂರಿನ ದೊಮ್ಮಲೂರು ಕಡೆ ಓಡಾಡುವವರಿಗೆ ಎಂಬಸಿ ಗಾಲ್ಫ್ ಲಿಂಕ್ಸ್ ಅನ್ನುವ ಕಚೇರಿಗಳ ಸಂಕೀರ್ಣ ಗೊತ್ತೇ ಇರುತ್ತದೆ. ದೆಹಲಿಯಲ್ಲೂ ಗಾಲ್ಫ್ ಲಿಂಕ್ಸ್ ಅನ್ನುವ ಬಡಾವಣೆ ಇದೆ. ಎರಡರ ಹತ್ತಿರವೂ ಗಾಲ್ಫ್ ಮೈದಾನ ಇದೆ. ಹಾಗಾಗಿ ಲಿಂಕ್ಸ್ ಅಂದರೆ ಗಾಲ್ಫ್ ಮೈದಾನಕ್ಕೆ ಇನ್ನೊಂದು ಹೆಸರು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ನಿಜ ಹೇಳಬೇಕೆಂದರೆ ಈ ಎರಡೂ ಕಡೆ ಲಿಂಕ್ಸ್ ಇಲ್ಲ. ಲಿಂಕ್ಸ್ ಇರಬೇಕಾದರೆ ಪಕ್ಕದಲ್ಲಿ ಕಡಲು ಬೇಕು.

ಲಿಂಕ್ಸ್ ಅನ್ನುವುದು ಒಂದು ಬಗೆಯ ನೆಲದ ಹೆಸರು. ಹಳೆಯ ಇಂಗ್ಲಿಷಿನಲ್ಲಿ 'ಹ್ಲಿಂಕ್' ಅಂದರೆ ದಿಣ್ಣೆ, ಏರು. ಸರಪಳಿಯ ಕೊಂಡಿಗೆ ಹೇಳುವ 'ಲಿಂಕ್'ಗೂ ಇದಕ್ಕೂ ಸಂಬಂಧವಿಲ್ಲ. ಸ್ಕಾಟ್ಲೆಂಡಿನಲ್ಲಿ ಕಡಲ ದಂಡೆಗೂ ಹೊಲಕ್ಕೂ ನಡುವೆ ಇರುವ ಮರಳು ದಿಣ್ಣೆಗಳ ಜಾಗಕ್ಕೆ ಈ ಹೆಸರು ಬಂತು. ನಮ್ಮ ಕರಾವಳಿಯಲ್ಲೂ ತೆರೆ ಮುಟ್ಟದ, ಬೇಸಾಯಕ್ಕೂ ಆಗದ ಮರಳಿನ ಪಟ್ಟಿ ಇರುತ್ತದಲ್ಲ, ಹಾಗೆ. ಆದರೆ ಅಲ್ಲಿ ತೆಂಗಿಲ್ಲ, ಗಾಳಿಮರದ ಸಾಲಿಲ್ಲ. ಬರೀ ಹುಲ್ಲು, ಏರುತಗ್ಗು, ಗಾಳಿ.

ಉಳಲು ಬಾರದ ಆ ಜಾಗದಲ್ಲಿ ಜನ ಕುರಿ ಮೇಯಿಸಿದರು, ಚೆಂಡು ಹೊಡೆದರು. ಮರಳು ನೆಲವಾದ್ದರಿಂದ ಮಳೆ ನೀರು ನಿಲ್ಲುವುದಿಲ್ಲ, ತಕ್ಷಣ ಇಂಗಿಬಿಡುತ್ತದೆ. ಸಾರವಿಲ್ಲದ ಮಣ್ಣಿನಲ್ಲಿ ಹುಲ್ಲು ತೆಳ್ಳಗೆ, ಬಿರುಸಾಗಿ ಬೆಳೆಯುತ್ತದೆ. ಕುರಿ, ಮೊಲಗಳು ಅದನ್ನು ಮೇದು ಗಿಡ್ಡ ಮಾಡುತ್ತಿದ್ದವು. ಗಾಳಿಗೆ ಹೆದರಿ ಕುರಿಗಳು ಒತ್ತಿಕೊಂಡು ಮಲಗಿದ ಕಡೆ ಮರಳು ಕಿತ್ತು ಗುಂಡಿಯಾಯಿತು, ಅದೇ ಮುಂದೆ ಬಂಕರ್, ಅಂದರೆ ಆಟಗಾರರಿಗೆ ಅಡ್ಡಿಯಾಗುವ ಮರಳು ಗುಂಡಿ, ಆಯಿತು ಎಂದು ಹೇಳುತ್ತಾರೆ. ಇಂದಿಗೂ ಲಿಂಕ್ಸ್‌ನ ಬಂಕರ್‌ಗಳು ಕಿರಿದು, ಆಳ, ಗೋಡೆಯಂತೆ ನೆಟ್ಟಗೆ. ಒಳಗೆ ಬಿದ್ದ ಚೆಂಡನ್ನು ಕೆಲವೊಮ್ಮೆ ಹಿಂದಕ್ಕೆ ಹೊಡೆದು ತೆಗೆಯಬೇಕಾಗುತ್ತದೆ.

ಕಡಲು ಕಂಡ ಮಾತ್ರಕ್ಕೆ ಲಿಂಕ್ಸ್ ಆಗುವುದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಅಮೆರಿಕದ ಪೆಬಲ್ ಬೀಚ್ ಕಡಲಿಗೆ ಅಂಟಿಕೊಂಡೇ ಇದೆ. ಹೆಸರಿನಲ್ಲೇ ಗಾಲ್ಫ್ ಲಿಂಕ್ಸ್ ಎಂದಿದೆ. ಆದರೆ ಅದು ಬಂಡೆಯಂಚಿನ ಮೇಲಿನ ನೆಲ, ಮರಳು ದಿಣ್ಣೆಯದಲ್ಲ. ಪದವನ್ನು ಸರಿಯಾಗಿ ಬಳಸುವವರು ಅದನ್ನು ಲಿಂಕ್ಸ್ ಅನ್ನುವುದಿಲ್ಲ.

ಈ ನೆಲ ಆಟವನ್ನೇ ಬದಲಿಸುತ್ತದೆ. ನೀರು ಹಾಯಿಸಿ ಬೆಳೆಸಿದ ಮೆತ್ತಗಿನ ಮೈದಾನದಲ್ಲಿ ಚೆಂಡನ್ನು ಎತ್ತರಕ್ಕೆ ಹೊಡೆದರೆ ಅದು ಬಿದ್ದಲ್ಲೇ ನಿಲ್ಲುತ್ತದೆ. ಅಲ್ಲಿ ತೋಳಿನ ಬಲಕ್ಕೆ ಬೆಲೆ ಜಾಸ್ತಿ. ಲಿಂಕ್ಸ್‌ನಲ್ಲಿ ಎತ್ತರಕ್ಕೆ ಹೋದ ಚೆಂಡನ್ನು ಗಾಳಿ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಬಲ್ಲವರು ಚೆಂಡು ಹೆಚ್ಚು ಮೇಲೇಳದಂತೆ ಹೊಡೆಯುತ್ತಾರೆ. ಗ್ರೀನ್‌ಗೆ, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗಕ್ಕೆ, ಇನ್ನೂ ದೂರ ಇರುವಾಗಲೇ ಚೆಂಡು ನೆಲ ಮುಟ್ಟಿ, ಗಟ್ಟಿ ಹುಲ್ಲಿನ ಮೇಲೆ ಪುಟಿದು, ಉರುಳಿ ಹೋಗಬೇಕು. ಯಾವ ಉಬ್ಬು ಚೆಂಡನ್ನು ಎತ್ತ ತಿರುಗಿಸುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು. ಅದು ವರ್ಷಗಟ್ಟಲೆ ಆಡಿದವರಿಗೆ ಬರುವ ಲೆಕ್ಕ.

ಹಿರಿಯರ ಓಪನ್, ಅಂದರೆ ಸೀನಿಯರ್ ಓಪನ್ ಚಾಂಪಿಯನ್‌ಶಿಪ್, ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಓಪನ್ ಅಂದರೆ ಬ್ರಿಟನ್ನಿನ ದೊಡ್ಡ ಗಾಲ್ಫ್ ಟೂರ್ನಿ. 1860ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಶುರುವಾದ ಅದು ಲಿಂಕ್ಸ್‌ನಲ್ಲೇ ನಡೆಯುತ್ತದೆ. ಅದರ ಹಿರಿಯರ ರೂಪ 1987ರಲ್ಲಿ ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ ಶುರುವಾಯಿತು. ಮೊದಲು ಗೆದ್ದವರು ನೀಲ್ ಕೋಲ್ಸ್. 50 ತುಂಬಿದವರಿಗೆ ಮಾತ್ರ ಪ್ರವೇಶ. ನಾಲ್ಕು ದಿನ, 72 ಹೋಲ್, ಅಂದರೆ ಚೆಂಡು ಬೀಳಿಸಬೇಕಾದ ಗುಳಿ. ಎಲ್ಲರಿಗಿಂತ ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದ ಹಾಗೆ. ಎರಡು ದಿನ ಆದಮೇಲೆ ಹಿಂದೆ ಬಿದ್ದವರು ಮನೆಗೆ. 2003ರಿಂದ ಅಮೆರಿಕದ ಹಿರಿಯರ ಟೂರ್, ಅಂದರೆ ಟೂರ್ನಿಗಳ ಸರಣಿ, ಕೂಡ ಇದನ್ನು ಮೇಜರ್ ಎಂದು ಲೆಕ್ಕಕ್ಕೆ ತೆಗೆದುಕೊಂಡಿತು. ಮೇಜರ್ ಅಂದರೆ ಅತಿ ದೊಡ್ಡ ಟೂರ್ನಿ. ಹಿರಿಯರಿಗೆ ವರ್ಷಕ್ಕೆ ಅಂಥವು ಐದು.

ಹಿರಿಯರ ಓಪನ್ ನಡೆದ ಕಾರ್ನೂಸ್ಟಿ, ರಾಯಲ್ ಲಿಥಮ್, ರಾಯಲ್ ಪೋರ್ಟ್‌ರಷ್, ವೇಲ್ಸ್‌ನ ರಾಯಲ್ ಪೋರ್ಥ್‌ಕಾಲ್, 2018ರಲ್ಲಿ ಸೇಂಟ್ ಆಂಡ್ರ್ಯೂಸ್, ಎಲ್ಲವೂ ಲಿಂಕ್ಸ್. ಆದರೆ ಸನ್ನಿಂಗ್‌ಡೇಲ್, ಗ್ಲೆನ್‌ಈಗಲ್ಸ್‌ನಂಥ ಒಳನಾಡಿನ ಮೈದಾನಗಳಲ್ಲೂ ಇದು ನಡೆದಿದೆ. ಅವೂ ಒಳ್ಳೆಯ ಮೈದಾನಗಳೇ. ಆದರೂ ಕಡಲ ಗಾಳಿ ಇಲ್ಲದಿದ್ದರೆ ಈ ಟೂರ್ನಿಯ ಅರ್ಧ ರುಚಿ ಹೋದ ಹಾಗೆ ಅಂತ ನನಗನಿಸುತ್ತದೆ.

2004ರಲ್ಲಿ ಪೋರ್ಟ್‌ರಷ್‌ನಲ್ಲಿ ಪೀಟ್ ಓಕ್ಲಿ ಗೆದ್ದರು. ಅವರು ಅಮೆರಿಕದ ಡೆಲವೇರ್‌ನ ಒಂದು ಕ್ಲಬ್ಬಿನ ಗಾಲ್ಫ್ ಶಿಕ್ಷಕರು. ಅರ್ಹತಾ ಸುತ್ತು ಆಡಿ ಒಳಗೆ ಬಂದವರು. ಟಾಮ್ ಕೈಟ್‌ರಂಥ ದೊಡ್ಡವರನ್ನು ಒಂದೇ ಹೊಡೆತದಿಂದ ಹಿಂದೆ ಹಾಕಿದರು. ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್‌ಗೆ ಓಪನ್ ಯಾವತ್ತೂ ದಕ್ಕಲಿಲ್ಲ, ಎರಡನೇ ಸ್ಥಾನಕ್ಕೇ ನಿಂತರು. ಹಿರಿಯರ ಓಪನ್ ಮಾತ್ರ ನಾಲ್ಕು ಸಲ ಗೆದ್ದರು, ನಾಲ್ಕೂ ಲಿಂಕ್ಸ್‌ನಲ್ಲೇ. 2014ರಲ್ಲಿ ಪೋರ್ಥ್‌ಕಾಲ್‌ನಲ್ಲಿ 13 ಹೊಡೆತಗಳ ಅಂತರ. 2019ರಲ್ಲಿ ಲಿಥಮ್‌ನಲ್ಲಿ ಗೆದ್ದಾಗ ಅವರಿಗೆ 61 ವಯಸ್ಸು.

ಆದರೆ ನೆಲಕ್ಕೂ ವಯಸ್ಸಿಗೂ ಇರುವ ನಂಟು ತಿಳಿಯಬೇಕಾದರೆ ಅಮೆರಿಕದ ಆಟಗಾರ ಟಾಮ್ ವಾಟ್ಸನ್ ಅವರನ್ನೇ ನೋಡಬೇಕು. ಮೊದಮೊದಲು ಅವರಿಗೆ ಲಿಂಕ್ಸ್ ಇಷ್ಟವೇ ಇರಲಿಲ್ಲ. ಚೆಂಡು ಎತ್ತ ಪುಟಿಯುತ್ತದೋ ಹೇಳಲಾಗದ ಆಟ ಅವರಿಗೆ ಒಗ್ಗಲಿಲ್ಲ. ಹಾಗಿದ್ದೂ ಓಪನ್ ಐದು ಸಲ ಗೆದ್ದರು. 1977ರಲ್ಲಿ ಟರ್ನ್‌ಬೆರಿಯಲ್ಲಿ ಜಾಕ್ ನಿಕ್ಲಾಸ್ ಜೊತೆ ಕೊನೆಯ ಎರಡು ದಿನ ಒಟ್ಟಿಗೇ ಆಡಿ, ಒಂದು ಹೊಡೆತದಿಂದ ಗೆದ್ದರು. ಆಗ ಅವರಿಗೆ 27. ಅದೇ ಟರ್ನ್‌ಬೆರಿಯಲ್ಲಿ 2003ರಲ್ಲಿ ಹಿರಿಯರ ಓಪನ್ ಗೆದ್ದರು, ಪ್ಲೇಆಫ್‌ನಲ್ಲಿ, ಅಂದರೆ ಸಮ ಬಂದವರ ನಡುವೆ ಮತ್ತೆ ನಡೆಯುವ ಆಟದಲ್ಲಿ. ಆಮೇಲೆ ರಾಯಲ್ ಅಬರ್ಡೀನ್, ಮ್ಯೂರ್‌ಫೀಲ್ಡ್‌ನಲ್ಲೂ ಗೆದ್ದರು.

2009ರಲ್ಲಿ ಓಪನ್ ಮತ್ತೆ ಟರ್ನ್‌ಬೆರಿಗೆ ಬಂತು. ಹಿರಿಯರದ್ದಲ್ಲ, ಎಲ್ಲರ ಓಪನ್. ವಾಟ್ಸನ್‌ಗೆ 59. ಸೊಂಟದ ಕೀಲು ಬದಲಿಸಿ ಒಂಬತ್ತು ತಿಂಗಳಾಗಿತ್ತು. ಮಕ್ಕಳ ವಯಸ್ಸಿನವರ ನಡುವೆ ಆಡುತ್ತಾ, ಕೊನೆಯ ಹೋಲ್‌ಗೆ ಬರುವಾಗ ಒಂದು ಹೊಡೆತ ಮುಂದಿದ್ದರು. ನಾಲ್ಕು ಹೊಡೆತದಲ್ಲಿ ಮುಗಿಸಿದ್ದರೆ ಸಾಕಿತ್ತು. 8 ಐರನ್ ಅನ್ನುವ ಕೋಲಿನಿಂದ ಹೊಡೆದ ಚೆಂಡು ನೇರ ಗ್ರೀನ್ ಕಡೆಗೇ ಹೋಯಿತು. ಬಿತ್ತು. ನಿಲ್ಲಲಿಲ್ಲ. ಪುಟಿದು, ಉರುಳಿ, ಗ್ರೀನ್ ದಾಟಿ ಆಚೆಗೆ ಇಳಿಯಿತು. ಐದು ಹೊಡೆತ ಬೇಕಾಯಿತು. ಪ್ಲೇಆಫ್‌ನಲ್ಲಿ ಸ್ಟೂವರ್ಟ್ ಸಿಂಕ್ ಗೆದ್ದರು.

ಮುಂದಿನ ವಾರವೇ ವಾಟ್ಸನ್ ಸನ್ನಿಂಗ್‌ಡೇಲ್‌ಗೆ ಹೋದರು. ಆ ವರ್ಷದ ಹಿರಿಯರ ಓಪನ್ ಅಲ್ಲಿತ್ತು.